ನಾಲ್ಕು ಮಂಡಳಿ, ಒಂದು ಕಾರ್ಡು

ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಚಿತ್ರದುರ್ಗದ ನನ್ನ ಮನೆಗೆ ಬಂದಿದ್ದರು. "ಸಾರ್, ಈ ಕೆಲಸದಲ್ಲಿ ನಿಜವಾಗಿ ಮಾಡಬೇಕಾದ್ದೇನು? ಆದೇಶ ಓದಿದರೆ ಏನೂ ಗೊತ್ತಾಗ್ತಿಲ್ಲ" ಎಂದು ಕೇಳಿದರು. ಆವತ್ತು ಕಾಫಿ ಕುಡಿಸಿ ಕಳಿಸಿದೆ. ಉತ್ತರವನ್ನು ಈಗ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಅದು ಯಾರ ಉಪಯೋಗಕ್ಕೂ ಬರುವುದಿಲ್ಲ. ಸೇವಾ ಪುಸ್ತಕದಲ್ಲಿ ಇಲ್ಲದ ಒಂದು ತಪ್ಪಿದೆ. ಅದು ಉಪಯೋಗಕ್ಕೆ ಬಂದೀತು.

ಕೆಲಸ ಇಷ್ಟೇ. ಜಿಲ್ಲೆಯ ಹಳ್ಳಿಗಳಲ್ಲಿ ಹಾಡುವವರ, ಕುಣಿಯುವವರ, ಬಾರಿಸುವವರ ತಂಡಗಳ ಪಟ್ಟಿ ಇಡಬೇಕು. ಸರ್ಕಾರಿ ಕಾರ್ಯಕ್ರಮ ಬಂದಾಗ ಪಟ್ಟಿಯಿಂದ ತಂಡಗಳನ್ನು ಆರಿಸಿ ಪತ್ರ ಹಾಕಬೇಕು. ಬಂದವರನ್ನು ವೇದಿಕೆಗೆ ಹತ್ತಿಸಬೇಕು, ಹೊತ್ತಿಗೆ ಸರಿಯಾಗಿ ಇಳಿಸಬೇಕು. ಹತ್ತಿಸುವುದು ಸುಲಭ.

ನಾನು ಓದಿದ್ದು ಮಠದ ಹಾಸ್ಟೆಲಿನಲ್ಲಿ. ಏಳುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ, ಊಟಕ್ಕೆ ಗಂಟೆ. ಎರಡನೇ ಗಂಟೆಯ ಮೇಲೆ ಬಂದವನಿಗೆ ಸಾಲಿನಲ್ಲಿ ಜಾಗವಿಲ್ಲ. ಆ ಅಭ್ಯಾಸ ನೌಕರಿಯಲ್ಲೂ ಉಳಿಯಿತು. ಹತ್ತಕ್ಕೆ ಹತ್ತು ನಿಮಿಷವಿರುವಾಗ ನಾನು ಕುರ್ಚಿಯಲ್ಲಿರುತ್ತಿದ್ದೆ. ಮೇಜಿನ ಎಡಕ್ಕೆ ಬಂದ ಪತ್ರ, ಬಲಕ್ಕೆ ಹೋಗುವ ಪತ್ರ, ನಡುವೆ ಏನೂ ಇರಕೂಡದು. ಸಂಜೆ ಎದ್ದಾಗ ಮೇಜು ಬರಿದಾಗಿರಬೇಕು. ಇದನ್ನು ನೀವೂ ಮಾಡಿ. ಒಳ್ಳೆಯ ಅಭ್ಯಾಸವೇ. ಆದರೆ ಮೇಜು ಬರಿದು ಮಾಡುವ ಹುರುಪಿನಲ್ಲಿ ಏನನ್ನು ಒರೆಸಿ ಹಾಕುತ್ತಿದ್ದೀರಿ ಎಂದು ಒಮ್ಮೆ ನೋಡಿಕೊಳ್ಳಿ.

ನನ್ನ ಮೊದಲ ಅಧಿಕಾರಿ ಮಲ್ಲಿಕಾರ್ಜುನಯ್ಯನವರು. ಸಣ್ಣ ದೇಹ, ದೊಡ್ಡ ಕನ್ನಡಕ. ನಾನು ಸೇರಿದ ವಾರವೇ ನನ್ನ ಮುಂದೆ ಒಂದು ಹಿತ್ತಾಳೆ ಗಂಟೆ ಇಟ್ಟರು.

"ತಿಪ್ಪೇಸ್ವಾಮಿ, ಭಜನೆ ತಂಡಕ್ಕೆ ಹತ್ತು ನಿಮಿಷ. ಎಂಟಕ್ಕೆ ಒಂದೇಟು, ಹತ್ತಕ್ಕೆ ಎರಡೇಟು, ಹನ್ನೆರಡಕ್ಕೆ ಮೈಕ್ ಬಂದ್."

"ಜನ ಬೈತಾರಲ್ಲ ಸಾರ್?"

"ಬೈತಾರೆ. ಗಂಟೆ ಹೊಡೀದಿದ್ರೆ ಕಡೇ ತಂಡದೋರು ಕಾದು ಕಾದು ಹಾಡದೇ ಬಸ್ ಹತ್ತುತಾರೆ. ಅವರು ಬೈಯೋದೂ ಇಲ್ಲ. ಯಾರ ಕಡೆ ನಿಲ್ತೀಯ, ನೀನೇ ನೋಡ್ಕೊ."

ಮಾತು ನ್ಯಾಯವಾದದ್ದು. ನಾನು ಗಂಟೆಯ ಕಡೆ ನಿಂತೆ. ಪ್ರತಿ ಕಾರ್ಯಕ್ರಮಕ್ಕೂ ಒಂದು ಹಾಳೆ ಗೀಟು ಹಾಕಿ, ತಂಡದ ಹೆಸರು, ಹತ್ತಿದ ಹೊತ್ತು, ಇಳಿದ ಹೊತ್ತು ಬರೆಯುತ್ತಿದ್ದೆ. ಸಮಯ ಪಾಲಿಸಿದವರಿಗೆ ನೀಲಿ ಶಾಯಿ, ಮೀರಿದವರಿಗೆ ಕೆಂಪು. ಮೀರಿದವರು ಕೆಳಗಿಳಿದಾಗ, "ಇನ್ನೊಂದ್ಸಲ ಕರೆಯಲ್ಲ ನೋಡ್ರಿ" ಎನ್ನುತ್ತಿದ್ದೆ. ಅದು ನನ್ನ ಬಾಯಿಪಾಠ. ವರ್ಷಕ್ಕೆ ಎಂಟು ಹತ್ತು ತಂಡಗಳಿಗೆ ಹೇಳುತ್ತಿದ್ದೆ, ಮುಂದಿನ ಸಲ ಕರೆಯುತ್ತಲೂ ಇದ್ದೆ.

ಭಜನಾ ಮಂಡಳಿಗಳ ಹೆಸರಿನ ವಿಷಯ ಹೇಳಬೇಕು. ನಮ್ಮ ಕಡೆ ಊರ ಬಾಗಿಲಲ್ಲಿ ಆಂಜನೇಯ ಇಲ್ಲದ ಊರಿಲ್ಲ. ಗುಡಿಯ ಮುಂದೆ ಶನಿವಾರ ಸಂಜೆ ನಾಲ್ಕು ಜನ ಸೇರಿ ಹಾಡಿದರೆ ಮಂಡಳಿಗೆ ಬೇರೆ ಹೆಸರು ಹುಡುಕುವ ಅಗತ್ಯವಿಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ 'ಶ್ರೀ ಆಂಜನೇಯಸ್ವಾಮಿ ಭಜನಾ ಮಂಡಳಿ' ನಾಲ್ಕಿದ್ದವು. ಒಂದು ಭರಮಸಾಗರದ್ದು, ಒಂದು ಹಿರಿಯೂರಿನದು, ಒಂದು ಹೊಳಲ್ಕೆರೆ ಪಕ್ಕದ್ದು, ಇನ್ನೊಂದು ಹೊಸದುರ್ಗದಿಂದ ಹಾಲುರಾಮೇಶ್ವರಕ್ಕೆ ಹೋಗುವ ದಾರಿಯ ಒಂದು ಸಣ್ಣ ಹಳ್ಳಿಯದು. ಒಬ್ಬರಿಗೆ ಇನ್ನೊಬ್ಬರ ಮುಖ ಗೊತ್ತಿಲ್ಲ. ಒಬ್ಬರು ವಚನ ಹಾಡಿದರೆ ಇನ್ನೊಬ್ಬರು ತತ್ವಪದ. ಹೆಸರು ಮಾತ್ರ ಅಕ್ಷರ ತಪ್ಪದೆ ಒಂದೇ.

ಆ ಹೊಸದುರ್ಗದ ಕಡೆಯವರು ಒಮ್ಮೆ ಚಿತ್ರದುರ್ಗದಲ್ಲಿ ಹಾಡಿದರು. ಏಳು ಜನ. ಹಾರ್ಮೋನಿಯಂ ಮುಂದೆ ಕುಳಿತವರು ಓಂಕಾರಪ್ಪ, ಐವತ್ತು ದಾಟಿದವರು, ಕಣ್ಣು ಮುಚ್ಚಿ ಹಾಡುವವರು. ಚೆನ್ನಾಗಿಯೇ ಹಾಡಿದರು. ಎಂಟಕ್ಕೆ ಒಂದೇಟು ಹೊಡೆದೆ. ಹತ್ತಕ್ಕೆ ಎರಡು. ಓಂಕಾರಪ್ಪ ಕಣ್ಣು ಬಿಟ್ಟು ನನ್ನ ಕಡೆ ನೋಡಿ, ಇಲ್ಲ ಎನ್ನುವಂತೆ ತಲೆಯಾಡಿಸಿ ಮುಂದುವರಿಸಿದರು. ಮಂಗಳ ನಡೆದಿತ್ತು. ಅದರಲ್ಲಿ ಸಾಲಾಗಿ ಯಾರು ಯಾರದೋ ಹೆಸರು ಬರುತ್ತಿದ್ದವು. ಚಂದಾ ಕೊಟ್ಟವರ ಹೆಸರು ಓದುತ್ತಿದ್ದಾರೆ ಎಂದುಕೊಂಡೆ. ಸಿಟ್ಟು ಬಂತು. ಹನ್ನೆರಡಕ್ಕೆ ಮೈಕ್ ಬಂದ್ ಮಾಡಿಸಿದೆ. ಫ್ಯಾನುಗಳ ಸದ್ದಿನಲ್ಲಿ ಅವರ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಏನೂ ಕೇಳಿಸುತ್ತಿರಲಿಲ್ಲ. ಇಳಿದು ಬಂದಾಗ ಬಾಯಿಪಾಠ ಒಪ್ಪಿಸಿದೆ.

"ತಪ್ಪಾತು ಸ್ವಾಮಿ" ಎಂದರು ಓಂಕಾರಪ್ಪ. ಅವರ ಹಿಂದೆ ತಾಳ ಹಿಡಿದಿದ್ದವರು ಮುಖ ತಿರುಗಿಸಿಕೊಂಡು ಹೋದರು.

ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಮುಂದಿನ ತಂಡವನ್ನು ಹತ್ತಿಸಿದೆ.

ಮರುವರ್ಷ ಬೇಸಿಗೆ. ಕಾರ್ಯಕ್ರಮಗಳಿಲ್ಲದ ಮೇ ತಿಂಗಳು. ನಮ್ಮ ಪಟ್ಟಿ ಎಂದರೆ ಮರದ ಡ್ರಾಯರಿನಲ್ಲಿ ನಿಲ್ಲಿಸಿಟ್ಟ ಅಂಚೆ ಕಾರ್ಡಿನಷ್ಟು ದೊಡ್ಡ ರಟ್ಟುಗಳು. ಒಂದು ತಂಡಕ್ಕೆ ಒಂದು ಕಾರ್ಡು, ತಂಡದ ಹೆಸರಿನ ಅಕಾರಾದಿಯಲ್ಲಿ. ಮೇಲ್ಗಡೆ ಹೆಸರು, ಕೆಳಗೆ ಪತ್ರ ಹಾಕುವ ವಿಳಾಸ. ಹಳ್ಳಿಯ ತಂಡದವರು ತಮ್ಮ ವಿಳಾಸ ಕೊಡುತ್ತಿರಲಿಲ್ಲ, ಊರಿನ ಶಾಲೆ ಮಾಸ್ತರರದು ಕೊಡುತ್ತಿದ್ದರು. ಸರ್ಕಾರಿ ಪತ್ರ ಮಾಸ್ತರ ಕೈಗೆ ಹೋದರೆ ಕಳೆಯುವುದಿಲ್ಲ, ಓದಿ ಹೇಳುವುದಕ್ಕೂ ಆಯಿತು. ಮಾಸ್ತರಿಗೆ ವರ್ಗವಾದರೆ ಅವರ ಹೊಸ ಊರಿನ ವಿಳಾಸದಿಂದಲೂ ಪತ್ರ ಬರುವುದಿತ್ತು. ಆದ್ದರಿಂದ ಒಂದೇ ತಂಡಕ್ಕೆ ಎರಡು ಮೂರು ಊರಿನ ವಿಳಾಸ ಇರುವುದು ನನಗೆ ಹೊಸದಲ್ಲ.

ಡ್ರಾಯರು ಬಿಗಿಯಾಗಿತ್ತು. ಒಂದೇ ಹೆಸರಿನ ಕಾರ್ಡುಗಳನ್ನು ತೆಗೆದು ಹಗುರ ಮಾಡಲು ಕುಳಿತೆ. 'ಶ್ರೀ ಆಂಜನೇಯಸ್ವಾಮಿ ಭಜನಾ ಮಂಡಳಿ' ನಾಲ್ಕು ಸಿಕ್ಕವು. ನಾಲ್ಕರಲ್ಲೂ ಮಾಸ್ತರ ವಿಳಾಸ. ಮಾಸ್ತರಿಗೆ ವರ್ಗವಾಗಿದೆ, ನಾನೋ ನನ್ನ ಹಿಂದಿನವರೋ ಹಳೆಯ ಕಾರ್ಡು ತೆಗೆಯದೆ ಹೊಸದು ಬರೆದಿದ್ದೇವೆ ಎಂದು ತೀರ್ಮಾನಿಸಿದೆ. ಎಲ್ಲಕ್ಕಿಂತ ಈಚಿನದು ಹೊಳಲ್ಕೆರೆಯದು. ಅದನ್ನು ಉಳಿಸಿ, ಉಳಿದ ಮೂರರ ಮೇಲೆ ಕೆಂಪು ಗೀಟು ಎಳೆದು, 'ನಕಲು' ಎಂದು ಮೊಹರು ಒತ್ತಿ, ದಾರ ಕಟ್ಟಿ ಬೀರುವಿನಲ್ಲಿಟ್ಟೆ. ಆ ದಿನ ಸಂಜೆ ಮೇಜು ಬರಿದಾಗಿತ್ತು. ತೃಪ್ತಿಯಿಂದ ಮನೆಗೆ ಹೋದೆ.

ನಾಲ್ಕೂ ತಂಡಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಓಂಕಾರಪ್ಪನವರ ಮೈಕ್ ಆರಿಸಿ ವರ್ಷ ಕಳೆದಿರಲಿಲ್ಲ. ಆದರೂ ಹೊಳೆಯಲಿಲ್ಲ. ಕಾರ್ಡು ಕೈಯಲ್ಲಿದ್ದಾಗ ಮುಖಗಳು ನೆನಪಾಗುವುದಿಲ್ಲ.

ಮೊದಲು ಬಂದದ್ದು ಭರಮಸಾಗರದ ಕಾರ್ಯದರ್ಶಿ. ಬಾಗಿಲಲ್ಲೇ ಶುರು ಮಾಡಿದರು.

"ಏನ್ರೀ ಗುಮಾಸ್ತ್ರೇ, ನಮ್ಮನ್ನ ಕರೀರಿ ಅಂತ ಮಾಸ್ತರ ಕೈಲಿ ಪತ್ರ ಬರೆಸಿದ್ರೆ, ಹೊಳಲ್ಕೆರೆಗೆ ಉತ್ತರ ಹಾಕೀರಂತೆ. ನಮ್ಮನ್ನ ಅವರ ಮನೆಗೆ ಹೆಣ್ಣು ಕೊಟ್ಟು ಬಿಟ್ರೇನು?"

ಕಚೇರಿ ಎಲ್ಲ ನಕ್ಕಿತು. ನಾನು ನಗಲಿಲ್ಲ. ಅದೇ ಹೆಸರಿನ ಬೇರೆ ತಂಡವೊಂದು ಹುಟ್ಟಿದೆ ಎಂದುಕೊಂಡು ಹೊಸ ಕಾರ್ಡು ಬರೆದೆ! ಎರಡು ತಿಂಗಳಿಗೆ ಹಿರಿಯೂರಿನವರು ಫೋನಿನಲ್ಲಿ ಬೈದರು. ಅವರಿಗೂ ಒಂದು ಹೊಸ ಕಾರ್ಡು. ಹೊಳಲ್ಕೆರೆಯ ಮುಖ್ಯಸ್ಥ ಈರಣ್ಣನವರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಮೇಲೆ ಭಾರಿ ಪ್ರೀತಿ ಸಾರ್ ನಿಮಗೆ. ರಾಗಿ ಕೊಯ್ಯೋ ಟೈಮಲ್ಲೂ ಬಿಡಲ್ಲ, ಕರೀತೀರಿ. ಸ್ವಲ್ಪ ಬೇರೆಯೋರಿಗೂ ಕೊಡ್ರಿ" ಎಂದಿದ್ದರು. ನಾಲ್ಕು ತಂಡದ ಸರದಿ ಅವರೊಬ್ಬರ ಮೇಲೆ ಬಿದ್ದಿತ್ತು, ಪಾಪ.

ಇಷ್ಟಾದ ಮೇಲೆ ಬೀರು ತೆಗೆದು ಆ ದಾರ ಬಿಚ್ಚುವ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಜಗಳಕ್ಕೆ ಬಂದವರ ಕೆಲಸ ಮಾಡಿಕೊಟ್ಟು ಎಲ್ಲ ಸರಿಹೋಯಿತು ಎಂದುಕೊಂಡೆ. ಜಗಳಕ್ಕೆ ಬಾರದವರು ಒಬ್ಬರಿದ್ದರು.

ಒಂಬತ್ತು ವರ್ಷ ಕಳೆಯಿತು. ಪತ್ರ ಹೋಗಿ ಫೋನು ಬಂತು, ಫೋನಿನ ಮೇಲೆ ವಾಟ್ಸಾಪ್ ಬಂತು. ಮಲ್ಲಿಕಾರ್ಜುನಯ್ಯನವರು ನಿವೃತ್ತರಾಗಿ ತೀರಿಯೂ ಹೋದರು. ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾಯಿತು. ನಾನು ಓದುವುದು, ಸಹೋದ್ಯೋಗಿ ಶಬಾನಾ ಟೈಪ್ ಮಾಡುವುದು. ಆಂಜನೇಯಸ್ವಾಮಿ ಮಂಡಳಿಯ ಎರಡನೇ ಕಾರ್ಡಿಗೆ ಅವರು ಕೈ ನಿಲ್ಲಿಸಿದರು.

"ಸಾರ್, ಇದು ಒಪ್ಪಕಳ್ತಿಲ್ಲ. ಈ ಹೆಸರು ಆಗಲೇ ಐತೆ ಅಂತೈತೆ. ಡಿಲೀಟ್ ಮಾಡ್ಲಾ?"

"ಬೇಡ, ಬೇಡಮ್ಮ. ಅವು ಬೇರೆ ಬೇರೆ."

"ಎಷ್ಟು ಅವೆ ಸಾರ್ ಹಿಂಗೆ?"

ಮೂರು ಎನ್ನಲು ಬಾಯಿ ತೆರೆದೆ. ಆಗ, ಅಷ್ಟು ವರ್ಷಗಳ ಮೇಲೆ, ದಾರ ಕಟ್ಟಿದ ಕಟ್ಟು ನೆನಪಾಯಿತು. ಬೀರುವಿನ ಕೆಳಗಿನ ಖಾನೆಯಲ್ಲಿತ್ತು. ಭರಮಸಾಗರ, ಹಿರಿಯೂರು, ಮೂರನೆಯದು ಹೊಸದುರ್ಗ. ಅದರ ಹಿಂಬದಿಯಲ್ಲಿ, ಆ ಮೇ ತಿಂಗಳು ನಾನು ತಿರುಗಿಸಿ ನೋಡದ ಕಡೆ, ನನ್ನದೇ ಅಕ್ಷರ: 'ಹಾರ್ಮೋನಿಯಂ: ಓಂಕಾರಪ್ಪ. ಸಮಯ ಮೀರಿದರು.' ಮುಂಬದಿಯಲ್ಲಿ ಗೀಟು, ಮೊಹರು. ಹಳೆಯ ಹಾಳೆಗಳನ್ನು ತಿರುವಿ ನೋಡಿದೆ. ನಾನು ಮೈಕ್ ಆರಿಸಿದ ದಿನದ ಆಚೆಗೆ ಆ ಊರಿನ ಹೆಸರು ಒಂದರಲ್ಲೂ ಇರಲಿಲ್ಲ.

ಹೊಸ ಅಧಿಕಾರಿ ಮೇಡಂಗೆ ಹೇಳಿದೆ. "ಒಂದು ಪತ್ರ ಹಾಕಿ, ಮುಂದಿನ ಕಾರ್ಯಕ್ರಮಕ್ಕೆ ಕರೀರಿ, ಆಯ್ತಲ್ಲ" ಎಂದರು. ಯಾರಿಗೆ ಪತ್ರ ಹಾಕುವುದು? ಕಾರ್ಡಿನಲ್ಲಿದ್ದ ಮಾಸ್ತರು ಆ ಊರು ಬಿಟ್ಟು ಎಷ್ಟು ಕಾಲವಾಗಿತ್ತೋ. ಒಂದು ದಿನ ರಜೆ ಹಾಕಿ, ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ. ಶನಿವಾರ. ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಅಲ್ಲಿಂದ ಆಟೊ.

ಓಂಕಾರಪ್ಪನವರ ಮನೆಯ ಜಗಲಿಯ ಮೇಲೆ ಅವರ ಹೆಂಡತಿ ಗೌರಮ್ಮ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು.

"ಗಂಟೆ ಹೊಡಿಯೋರಲ್ವೇನ್ರಿ ನೀವು?"

"ಹೌದಮ್ಮ. ನಿಮಗೆ ಹೆಂಗೆ ಗೊತ್ತು?"

"ಆವತ್ತು ನಾನೂ ಬಂದಿದ್ದೆ, ಮುಂದಿನ ಸಾಲಾಗೆ ಕುಂತಿದ್ದೆ. ಕುಂತ್ಕಳ್ರಿ. ಎಷ್ಟು ನಿಮಿಷ ಕುಂತ್ಕಳ್ತೀರಿ?"

ಓಂಕಾರಪ್ಪ ಹಿತ್ತಲಿಂದ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕೈ ಮುಗಿದರು. ನಾನು ಪೀಠಿಕೆ ಹಾಕಲಿಲ್ಲ. ಕಾರ್ಡು ಕೊಟ್ಟೆ. ಅವರು ಅದನ್ನು ದೂರ ಹಿಡಿದು ನೋಡಿದರು.

"ಇದೇನ್ರಿ ಕೆಂಪು ಗೀಟು?"

"ನಾನು ಎಳೆದಿದ್ದು. ಹೊಳಲ್ಕೆರೆ ಹತ್ರ ಇದೇ ಹೆಸರಿನ ಮಂಡಳಿ ಐತೆ. ಅವರೂ ನೀವೂ ಒಂದೇ ಅಂತ ತಿಳಿದು ನಿಮ್ಮ ಕಾರ್ಡು ರದ್ದು ಮಾಡಿದೆ. ಅದಕ್ಕೇ ನಿಮಗೆ ಪತ್ರ ಬರಲಿಲ್ಲ."

ಅವರು ನನ್ನ ಪಕ್ಕದಲ್ಲಿ ಜಗಲಿಯ ಮೇಲೆ ಕುಳಿತರು.

"ಅಂದ್ರೆ, ನಾವು ಉದ್ದ ಹಾಡಿದ್ದಕ್ಕಲ್ಲ?"

"ಅಲ್ಲ."

"ಇನ್ನೊಂದ್ಸಲ ಕರೆಯಲ್ಲ ಅಂದಿದ್ರಿ."

"ಎಲ್ಲರಿಗೂ ಹಂಗೇ ಅಂತಿದ್ದೆ ಓಂಕಾರಪ್ಪನೋರೆ. ಅಂದೋರನ್ನೆಲ್ಲ ಮತ್ತೆ ಕರೆದಿದ್ದೀನಿ."

ಗೌರಮ್ಮ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟರು. "ಕೇಳ್ರಿ ಹಂಗಾದ್ರೆ ನೀವು ಮಾಡಿದ್ದು. ಇವರು ಊರಿಗೆ ಬಂದು ಒಂದು ಅಲಾರಾಂ ಗಡಿಯಾರ ತಂದ್ರು. ಶನಿವಾರ ಶನಿವಾರ ಹನುಮಪ್ಪನ ಮುಂದೆ ಗಡಿಯಾರ ಇಟ್ಕಂಡು ಹಾಡಿದ್ರು. ಹತ್ತು ನಿಮಿಷಕ್ಕೆ ಮುಗೀಬೇಕು, ಆಗ ಚಿತ್ರದುರ್ಗದೋರು ಕರೀತಾರೆ ಅಂತ. ಮುಗೀಲಿಲ್ಲ ಅಂದ್ರೆ ಮಂಗಳದಾಗಿನ ಒಂದು ಹೆಸರು ತೆಗೆಯೋದು. ಮುಂದಿನ ವಾರ ಇನ್ನೊಂದು."

"ಯಾವ ಹೆಸರಮ್ಮ ಅವು?"

"ನಮ್ಮ ಮಂಡಳ್ಯಾಗೆ ಹಾಡಿ ತೀರ್ಕಂಡೋರ ಹೆಸರು. ಅವರ್ನೆಲ್ಲ ಕರೀದೇ ನಮ್ಮೂರಾಗೆ ಮಂಗಳ ಮುಗಿಯಲ್ಲ. ಆವತ್ತು ನೀವು ಮೈಕ್ ಆರ್ಸಿದ್ರಲ್ಲ, ಇವರ ಅಪ್ಪನ ಹೆಸರು ಬರ್ತಿತ್ತು."

ಚಂದಾ ಕೊಟ್ಟವರ ಹೆಸರು ಎಂದುಕೊಂಡಿದ್ದೆ ಎಂದು ಅವರಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಉಳಿದದ್ದನ್ನು ಓಂಕಾರಪ್ಪನವರೇ ಹೇಳಿದರು. ಎರಡು ವರ್ಷ ಗಡಿಯಾರ ಇಟ್ಟುಕೊಂಡು ಹಾಡಿ, ಹತ್ತು ನಿಮಿಷಕ್ಕೆ ತಂದರು. ಪತ್ರ ಬರಲಿಲ್ಲ. ತಂಡದಲ್ಲಿ ಗೊಣಗಾಟ ಶುರುವಾಯಿತು. ತಾಳದ ಕೆಂಚಪ್ಪ, ಇವರ ಜೊತೆ ಚಿಕ್ಕಂದಿನಿಂದ ಹಾಡಿದವರು, "ನಿನ್ನ ಹಟದಿಂದ ಊರ ಹೆಸರು ಹೋಯ್ತು" ಎಂದು ತಾಳ ಕೆಳಗಿಟ್ಟು ಎದ್ದುಹೋದರು. ಮತ್ತೆ ಬರಲಿಲ್ಲ, ಮಾತೂ ಆಡಲಿಲ್ಲ. ಒಬ್ಬೊಬ್ಬರೇ ಬಿಟ್ಟರು. ಹಾರ್ಮೋನಿಯಂ ಅಟ್ಟ ಸೇರಿತು. ಕೆಂಚಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು.

"ನನಗೆ ಹೇಳಿದ್ರಿ, ಸರಿ. ತಂಡದ ಉಳಿದೋರಿಗೂ ಹೇಳ್ರಿ" ಎಂದರು. "ನಾನು ಹೇಳಿದ್ರೆ ಕಟ್ಟಿ ಹೇಳ್ತಾನೆ ಅಂತಾರೆ. ಹೋಗಾಣ ನಡೀರಿ."

ಸಂಜೆ ಗುಡಿಯ ಮುಂದೆ, ಹಳೆಯ ತಂಡದಲ್ಲಿ ಓಂಕಾರಪ್ಪನವರಲ್ಲದೆ ಊರಲ್ಲಿ ಉಳಿದಿದ್ದ ನಾಲ್ವರು ಸೇರಿದರು. ದಮ್ಮಡಿ ಬಾರಿಸುತ್ತಿದ್ದ ನಿಂಗಪ್ಪ ನನ್ನನ್ನು ನೋಡಿದವರೇ, "ಲೇ ಓಂಕಾರಿ, ಇವರ್ನ ಎಲ್ಲಿಂದ ಹಿಡ್ಕಂಬಂದೆ, ನಿನ್ನ ಪರ ಸಾಕ್ಷಿ ಹೇಳಕೆ?" ಎಂದರು.

ನಾನು ನಿಂತುಕೊಂಡೇ ಹೇಳಿದೆ. ಹಾಡಿನಲ್ಲಿ ತಪ್ಪಿರಲಿಲ್ಲ. ಓಂಕಾರಪ್ಪನವರದೂ ತಪ್ಪಿರಲಿಲ್ಲ. ತಪ್ಪು ನನ್ನ ಡ್ರಾಯರಿನಲ್ಲಿತ್ತು. ಕಾರ್ಡು ಕೈಯಿಂದ ಕೈಗೆ ಹೋಯಿತು. ನಿಂಗಪ್ಪ 'ನಕಲು' ಎಂಬ ಮೊಹರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಹಂಗಾದ್ರೆ ಕೆಂಚ ಸುಮ್ ಸುಮ್ನೆ ಸಿಟ್ಟು ಇಟ್ಕಂಡು ಹೋದ್ನಲ್ಲಪ್ಪ" ಎಂದರು.

ಕಾರ್ಡನ್ನು ಓಂಕಾರಪ್ಪನವರ ಕೈಗಿಟ್ಟು ನಿಂಗಪ್ಪನವರೇ ಎದ್ದು, "ಪೆಟ್ಟಿಗೆ ಇಳಿಸ್ಲೇ ಓಂಕಾರಿ, ನೋಡಾಣ. ಇಲಿ ಕಡೀದೆ ಬಿಟ್ಟಿದ್ರೆ" ಎಂದರು.

ಇಲಿಗಳು ಕಡಿಯದೆ ಬಿಟ್ಟಿದ್ದವು. ಹಾರ್ಮೋನಿಯಂ ಮೊದಲು ಕೆಮ್ಮಿತು, ಆಮೇಲೆ ದಾರಿಗೆ ಬಂತು. ಐದು ಜನ ಹಾಡಿದರು. ಮುಗಿದಾಗ ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಸರಿಯಾಗಿ ಹತ್ತು ನಿಮಿಷ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಕರಾರುವಾಕ್ಕಾಗಿ ಮುಗಿಸಿದ ತಂಡ ಇನ್ನೊಂದಿಲ್ಲ. ಕೇಳುವುದಕ್ಕೇ ಸಂಕಟವಾಯಿತು.

"ಹೆಸರುಗಳು?" ಎಂದೆ.

ಓಂಕಾರಪ್ಪ ತಲೆ ಅಲ್ಲಾಡಿಸಿದರು. "ಕತ್ತರಿಸಿದ್ದೇ ಬಾಯಿಗೆ ಕುಂತುಬಿಟ್ಟೈತೆ ಸ್ವಾಮಿ." ಪ್ರಯತ್ನ ಮಾಡಿದರು. ಮೂರನೆಯ ಹೆಸರಿಗೆ ಐವರೂ ತಡವರಿಸಿದರು. ಯಾರ ಮುಂದೆ ಯಾರು, ಯಾವ ಹೆಸರಿಗೆ ಯಾವ ಎಳೆತ, ಯಾರಿಗೂ ಖಾತ್ರಿಯಿಲ್ಲ.

ಆಗ ಗುಡಿಯ ಮೆಟ್ಟಿಲ ಮೇಲಿಂದ ಗೌರಮ್ಮನವರ ದನಿ ಬಂತು. ನಾಲ್ಕನೆಯ ಹೆಸರು, ಐದನೆಯದು, ಆರನೆಯದು, ಒಂದೂ ತಪ್ಪದೆ. ದಿನಾ ದೀಪ ಹಚ್ಚುವಾಗ ಮನೆಯಲ್ಲಿ ಪೂರ್ತಿ ಮಂಗಳ ಹೇಳಿಕೊಳ್ಳುತ್ತಿದ್ದರಂತೆ. ಆ ಮಂಡಳಿಯಲ್ಲಿ ಹೆಂಗಸರು ಕೂತದ್ದೇ ಇಲ್ಲ. ಓಂಕಾರಪ್ಪ ಹೆಂಡತಿಯ ಕಡೆ ತಿರುಗಿ ನೋಡಿದರು.

"ಅಕ್ಕಾ, ಅಲ್ಲೇ ಯಾಕೆ ಕುಂತಿ? ಇಲ್ಲಿ ಬಾ, ನಮ್ಮ ಜೊತೆ ಕುಂತ್ಕ" ಎಂದರು ನಿಂಗಪ್ಪ.

ನಿವೃತ್ತಿಗೆ ಎರಡು ತಿಂಗಳು ಮುಂಚೆ ಚಿತ್ರದುರ್ಗದಲ್ಲಿ ನಾನು ಏರ್ಪಾಟು ಮಾಡಿದ ಕಡೆಯ ಕಾರ್ಯಕ್ರಮ ನಡೆಯಿತು. ನಾಲ್ಕೂ ಆಂಜನೇಯಸ್ವಾಮಿ ಮಂಡಳಿಗಳನ್ನು ಒಂದೇ ದಿನ ಕರೆಸಿದೆ. ಭರಮಸಾಗರದ ಕಾರ್ಯದರ್ಶಿ ಈರಣ್ಣನವರ ಕೈ ಹಿಡಿದು, "ಬೀಗ್ರೆ, ಈಗ ಸಿಕ್ರಲ್ಲ" ಎಂದು ಎಲ್ಲರನ್ನೂ ನಗಿಸಿದರು. ಓಂಕಾರಪ್ಪನವರ ತಂಡವನ್ನು ಕಡೆಗೆ ಹಾಕಿದ್ದೆ. ಮಲ್ಲಿಕಾರ್ಜುನಯ್ಯನವರು ಹೇಳಿದ ಮಾತು ಮರೆತಿರಲಿಲ್ಲ. ಅವರ ಹಿಂದೆ ಕಾಯುವವರು ಯಾರೂ ಇರಕೂಡದು.

ವೇದಿಕೆ ಹತ್ತುವ ಮುಂಚೆ ಗೌರಮ್ಮ ನನ್ನ ಮೇಜಿನ ಬಳಿ ನಿಂತರು. "ಎಲ್ಲೈತ್ರಿ ಇವತ್ತು ಗಂಟೆ?"

"ಬೀರುವಿನಲ್ಲಿ ಐತಮ್ಮ."

"ಬೀಗ ಹಾಕೀರೋ?"

"ಹಾಕೀನಿ."

"ಹಂಗಾದ್ರೆ ಹಾಡ್ತೀವಿ."

ನಿಮಗೆ ಈಗ ಕಾರ್ಡೂ ಇಲ್ಲ, ಡ್ರಾಯರೂ ಇಲ್ಲ. ಆದರೆ ಕಂಪ್ಯೂಟರಿನಲ್ಲಿ ನನ್ನ ಕಡೆಯ ತಿದ್ದುಪಡಿ ಉಳಿದಿದೆ, ತೆಗೆಯಬೇಡಿ. ಮೊದಲ ಕಲಂ ಊರು, ಎರಡನೆಯದು ಹಾಡುವವರ ಹೆಸರು, ಮೂರನೆಯದು ಮಂಡಳಿಯ ಹೆಸರು. ಒಂದೇ ಹೆಸರು ಎರಡು ಕಡೆ ಕಂಡರೆ ಅಳಿಸುವ ಮುಂಚೆ ಹೋಗಿ ಕೇಳಿ ಬನ್ನಿ. ಪೂರ್ತಿ ಕೇಳಿ, ಮಂಗಳದ ತನಕ.

ಆವತ್ತು ಓಂಕಾರಪ್ಪ ಹಾರ್ಮೋನಿಯಂ ಹಿಡಿದರು, ಮಂಗಳವನ್ನು ಗೌರಮ್ಮ ಎತ್ತಿಕೊಂಡರು. ಹೆಸರುಗಳು ಒಂದೊಂದಾಗಿ ಬಂದವು. ಓಂಕಾರಪ್ಪನವರ ಅಪ್ಪನ ಹೆಸರು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಎಲ್ಲಕ್ಕಿಂತ ಕೊನೆಗೆ ಹೊಸದಾಗಿ ಸೇರಿದ ಹೆಸರು, ಕೆಂಚಪ್ಪ. ಅದನ್ನು ಓಂಕಾರಪ್ಪ ಒಬ್ಬರೇ ಹೇಳಿದರು. ಒಂದು ಸಲ ಹೇಳಿ ಬಿಡಲಿಲ್ಲ, ಮೂರು ಸಲ ಹೇಳಿದರು.

ಹಾಳೆಯಲ್ಲಿ ಅವರ ಊರಿನ ಮುಂದೆ ಹತ್ತೊಂಬತ್ತು ನಿಮಿಷ ಎಂದು ಬರೆದೆ. ನೀಲಿ ಶಾಯಿಯಲ್ಲಿ.